ಒಳ್ಳೆಯ ಮರಣದ ಸಭೆ

ಆಗೆಲ್ಲ ಗುಂಡ್ಲುಪೇಟೆಯ ನಮ್ಮ ಬೀದಿಗೆ ತಪಸ್ಸುಕಾಲ ಬಂದಿದೆಯೆಂದು ಕ್ಯಾಲೆಂಡರ್ ನೋಡದೆಯೇ ಗೊತ್ತಾಗುತ್ತಿತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ಆ ನಲವತ್ತು ದಿನ ಯಾರ ಮನೆಯಲ್ಲೂ ಮಾಂಸ ಬೇಯುತ್ತಿರಲಿಲ್ಲ. ಹುರುಳಿಕಾಳಿನ ಸಾರು, ಉಪ್ಪುಸಾರು, ಮುದ್ದೆ. ಕೇರಳದ ಲಾರಿಯವರು ತಂದ ಒಣಮೀನನ್ನು ಕೆಂಡದ ಮೇಲೆ ಸುಟ್ಟರೆ ಅದರ ವಾಸನೆ ಬೀದಿಯ ಆ ತುದಿಯವರೆಗೂ ಹೋಗುತ್ತಿತ್ತು. ಮಕ್ಕಳು ಮಿಠಾಯಿ ಬಿಡಬೇಕೆಂದು ಜ್ಞಾನೋಪದೇಶದ ಸಿಸ್ಟರ್ ಹೇಳುತ್ತಿದ್ದರು. ನಾನೂ ನನ್ನ ಗೆಳತಿ ರೀಟಾಳೂ ಮಿಠಾಯಿ ಬಿಟ್ಟು, ಹುಣಸೆಹಣ್ಣಿಗೆ ಉಪ್ಪು, ಖಾರ, ಬೆಲ್ಲ ಸೇರಿಸಿ ಕುಟ್ಟಿ ಕಡ್ಡಿಗೆ ಚುಚ್ಚಿಕೊಂಡು ಚೀಪುತ್ತಿದ್ದೆವು. ಅದು ಮಿಠಾಯಿ ಅಲ್ಲವಲ್ಲ ಎಂಬುದು ನಮ್ಮ ವಾದ.

ನಮ್ಮ ಬೀದಿಯವರೆಲ್ಲ ತಾತಂದಿರ ಕಾಲದಲ್ಲಿ ಕೊಳ್ಳೇಗಾಲದ ಕಡೆಯಿಂದ ಕೂಲಿಗೆ ಬಂದು ಇಲ್ಲೇ ನಿಂತ ಕ್ರೈಸ್ತರು. ಮನೆಯಲ್ಲಿ ಆಡುವುದು ಕನ್ನಡ, ಮುದುಕಿಯರು ಜಪಸರ ಹೇಳುವುದು ಮಾತ್ರ ತಮಿಳಿನಲ್ಲಿ. ಬೀದಿಯ ಗಂಡಸರಿಗೆಲ್ಲ ಒಂದು ಸಭೆಯಿತ್ತು. ಅದರ ಪೂರ್ತಿ ಹೆಸರು ಒಳ್ಳೆಯ ಮರಣದ ಸಹೋದರರ ಸಭೆ. ಹೆಸರು ಕೇಳಿ ಹೊರಗಿನವರು ನಗುತ್ತಿದ್ದರು, ನಮಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಯಾರಾದರೂ ಕಾಯಿಲೆ ಬಿದ್ದು ಇನ್ನು ಏಳುವುದಿಲ್ಲ ಎಂದಾದರೆ ಸಭೆಯವರು ಸರದಿಯ ಮೇಲೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು, ಫಾದರನ್ನು ಕರೆತರುತ್ತಿದ್ದರು. ಪ್ರಾಣ ಹೋದ ಮೇಲೆ ಪೆಟ್ಟಿಗೆ ಮಾಡಿಸುವುದು, ಗುಂಡಿ ತೋಡುವುದು, ಹೊರುವುದು ಎಲ್ಲ ಅವರದೇ ಕೆಲಸ. ಸತ್ತವರು ಗಂಡಸಾದರೆ ಮೈ ತೊಳೆಯುತ್ತಿದ್ದವರೂ ಅವರೇ.

ಸಭೆಗೆ ಹೊಸದಾಗಿ ಸೇರುವವರು ಒಳ್ಳೆಯ ಮರಣದ ಪಾಲಕರಾದ ಸಂತ ಜೋಸೆಫರ ಹಬ್ಬದ ದಿನ ಬೈಬಲ್ಲಿನ ಮೇಲೆ ಕೈಯಿಟ್ಟು, ಹೆಣ ಹೊರುವಾಗ ಜಾತಿ, ಜಗಳ, ಪಾರ್ಟಿ ಯಾವುದನ್ನೂ ನೋಡುವುದಿಲ್ಲ ಎಂದು ಮಾತು ಕೊಡುತ್ತಿದ್ದರು. ಆಮೇಲೆ ಫಾದರ್ ಅವರ ಹೆಗಲಿಗೆ ನೇರಳೆ ಬಣ್ಣದ ಅಡ್ಡಪಟ್ಟಿ ಹಾಕುತ್ತಿದ್ದರು. ಆ ಪಟ್ಟಿಯನ್ನು ಹಬ್ಬದ ಮೆರವಣಿಗೆಗೂ ಮಣ್ಣಿಗೂ ಬಿಟ್ಟರೆ ಬೇರೆ ಯಾವುದಕ್ಕೂ ಹಾಕಬಾರದು ಎಂಬುದು ನಿಯಮ.

ನಮ್ಮಪ್ಪ ಜೋಜಪ್ಪ ಆ ಸಭೆಯ ಅಧ್ಯಕ್ಷರು. ಊಟಿ ರಸ್ತೆಯಲ್ಲಿ ಅವರದೊಂದು ಮೋಟಾರ್ ರಿವೈಂಡಿಂಗ್ ಅಂಗಡಿಯಿತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದರು. ಚರ್ಚಿನ ಪೂಜೆಗೆಂದು ಒಗೆದು ಇಸ್ತ್ರಿ ಮಾಡಿದ ಅಂಗಿಯಿಂದಲೂ ವಾರ್ನಿಷ್ ವಾಸನೆ ಹೋಗುತ್ತಿರಲಿಲ್ಲ. ಸಭೆಯ ಕಾರ್ಯದರ್ಶಿ ಚಿನ್ನಪ್ಪ ಮಾವ, ರೀಟಾಳ ಅಪ್ಪ. ಸಾಮಾನಿನ ಆಟೋ ಓಡಿಸುತ್ತಿದ್ದರು. ಬೇಗೂರು, ಹಂಗಳದ ಕಡೆಯಿಂದ ಟೊಮೆಟೊ, ಈರುಳ್ಳಿ ತುಂಬಿಕೊಂಡು ಮಾರ್ಕೆಟ್ಟಿಗೆ ತರುವುದು ಅವರ ಕೆಲಸ. ನನಗೆ ಜ್ಞಾನಸ್ನಾನ ಆದಾಗ ಎತ್ತಿ ಹಿಡಿದವರು ಅವರೇ ಆದ್ದರಿಂದ ನನಗೆ ಅವರು ಜ್ಞಾನತಂದೆ.

ಭಾನುವಾರ ಪೂಜೆ ಮುಗಿದ ಮೇಲೆ ಚಿನ್ನಪ್ಪ ಮಾವ ನೇರ ನಮ್ಮ ಮನೆಗೆ ಬಂದು, ಅವ್ವ ಮಾಡಿದ ಇಡ್ಲಿ ತಿಂದು, ಅಪ್ಪನ ಜೊತೆ ರಾಜಕೀಯಕ್ಕೆ ಕೂರುತ್ತಿದ್ದರು. ಊರಿನಲ್ಲಿ ಆಗ ಲೆಕ್ಕಕ್ಕಿದ್ದದ್ದು ಎರಡು ಪಾರ್ಟಿ. ಒಂದರ ಆಫೀಸು ಬಸ್‌ಸ್ಟ್ಯಾಂಡಿನ ಹತ್ತಿರ, ಇನ್ನೊಂದರದು ಸಂತೆಮಾಳದಲ್ಲಿ. ಮಕ್ಕಳಾದ ನಾವು ಅವನ್ನು ಬಸ್‌ಸ್ಟ್ಯಾಂಡ್ ಪಾರ್ಟಿ, ಸಂತೆಮಾಳದ ಪಾರ್ಟಿ ಎಂದೇ ಕರೆಯುತ್ತಿದ್ದೆವು. ಅಪ್ಪ ಬಸ್‌ಸ್ಟ್ಯಾಂಡಿನವರು, ಚಿನ್ನಪ್ಪ ಮಾವ ಸಂತೆಮಾಳದವರು. ದನಿ ಏರಿತೆಂದರೆ ಅವ್ವ ಒಲೆಯ ಮೇಲೆ ಇನ್ನೊಂದು ಸಲ ಕಾಫಿ ಇಡುತ್ತಿದ್ದಳು. ಆ ವಾದ ಎಂದೂ ಮುಗಿಯುತ್ತಿರಲಿಲ್ಲ, ಮುಗಿಯಲಿ ಎಂದು ಯಾರೂ ಬಯಸುತ್ತಲೂ ಇರಲಿಲ್ಲ.

ನಾನು ಹೇಳಹೊರಟಿರುವುದು ನಾನು ಆರನೇ ಕ್ಲಾಸಿನಲ್ಲಿದ್ದಾಗಿನ ತಪಸ್ಸುಕಾಲದ ವಿಷಯ. ಅದಕ್ಕೂ ಮುಂಚೆ ನಮ್ಮ ಸಮಾಧಿಗೆ ಹೋಗುವ ದಾರಿಯ ಬಗ್ಗೆ ಹೇಳಬೇಕು. ನಮ್ಮವರನ್ನು ಹೂಳುವ ಜಾಗ ಊರಾಚೆ, ಕೆರೆಯ ಕೆಳಗಿನ ಬಯಲಿನ ಆ ಬದಿಯಲ್ಲಿದೆ. ರಸ್ತೆಯಿಂದ ಇಳಿದರೆ ಮೊದಲು ಸ್ವಲ್ಪ ದೂರ ಬೀಳುಬಿದ್ದ ಸರ್ಕಾರಿ ಖರಾಬು, ಆಮೇಲೆ ಒಬ್ಬರ ಗದ್ದೆ. ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬಹುದಿತ್ತು, ಪೆಟ್ಟಿಗೆ ಹೊತ್ತು ಹೋಗುವುದು ಕಷ್ಟ. ಇಬ್ಬರು ಬದುವಿನ ಮೇಲೆ ನಡೆದರೆ ಇನ್ನಿಬ್ಬರು ಕೆಳಗೆ ಕೆಸರಿಗಿಳಿದು, ಕೈ ಮೇಲೆತ್ತಿ ಪೆಟ್ಟಿಗೆಯನ್ನು ಸಮ ಹಿಡಿಯಬೇಕು. ಹಿಂದಿನ ವರ್ಷ ನಮ್ಮಜ್ಜಿ ತೀರಿಕೊಂಡಾಗ ಮಳೆ ಹಿಡಿದುಕೊಂಡಿತ್ತು. ಕೆಳಗಿದ್ದವರೊಬ್ಬರ ಕಾಲು ಹೂತು ಪೆಟ್ಟಿಗೆ ವಾಲಿತು. ಒಳಗೆ ಅಜ್ಜಿಯ ದೇಹ ಜಾರಿ ಹಲಗೆಗೆ ಬಡಿದ ಸದ್ದು ಹಿಂದೆ ನಡೆಯುತ್ತಿದ್ದ ನನಗೂ ಕೇಳಿಸಿತು.

ಅಪ್ಪ ಆ ಸದ್ದಿನ ವಿಷಯವನ್ನು ಮನೆಯಲ್ಲಿ ಎತ್ತಲೇ ಇಲ್ಲ. ಆದರೆ ಅಂದಿನಿಂದ ಸಮಾಧಿಗೊಂದು ದಾರಿ ಮಾಡಿಸಬೇಕೆಂಬುದು ಅವರ ತಲೆಯಿಂದ ಇಳಿಯಲಿಲ್ಲ. ತಾಲ್ಲೂಕು ಆಫೀಸಿಗೆ ಅಲೆದರು. ಅಂಗಡಿ ಮುಚ್ಚಿ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ದೊಡ್ಡ ಆಫೀಸಿನಲ್ಲಿ ಅರ್ಜಿ ಕೊಟ್ಟು ಬಂದರು. ಗದ್ದೆಯ ಹಳೆಯ ಯಜಮಾನರನ್ನು ಸಭೆಯವರು ಎಂದೋ ಒಮ್ಮೆ ಕೇಳಿ ಇಲ್ಲವೆನ್ನಿಸಿಕೊಂಡಿದ್ದರಂತೆ. ಹಾಗಾಗಿ ಆ ಮನೆಯ ಬಾಗಿಲಿಗೆ ಮತ್ತೆ ಯಾರೂ ಹೋಗಿರಲಿಲ್ಲ.

ಆ ವರ್ಷ ತಪಸ್ಸುಕಾಲದಲ್ಲೇ ಎಲೆಕ್ಷನ್ ಬಂತು. ನನಗೂ ರೀಟಾಳಿಗೂ ಕುಂಟೆಬಿಲ್ಲೆ ಮರೆತುಹೋಗಿ ಪ್ರಚಾರದ ಆಟೋಗಳ ಹಿಂದೆ ಓಡುವುದೇ ಆಟವಾಯಿತು. ಎರಡೂ ಪಾರ್ಟಿಯ ಬ್ಯಾಡ್ಜುಗಳನ್ನು ಫ್ರಾಕಿನ ಎರಡು ಬದಿಗೆ ಚುಚ್ಚಿಕೊಂಡು, ಯಾವ ಆಟೋ ಬಂದರೆ ಆ ಕಡೆಯ ಭುಜವನ್ನು ತೋರಿಸುತ್ತಿದ್ದೆವು.

ಒಂದು ಸಂಜೆ ಬಸ್‌ಸ್ಟ್ಯಾಂಡ್ ಪಾರ್ಟಿಯ ಮುಖಂಡರೊಬ್ಬರು ಅಪ್ಪನ ಅಂಗಡಿಗೆ ಬಂದರು. ನಾನು ಆಗ ಅಲ್ಲೇ ಸ್ಟೂಲಿನ ಮೇಲೆ ಕೂತು ಮನೆಪಾಠ ಬರೆಯುತ್ತಿದ್ದೆ. ಅವರು ದಾರಿಯ ಅರ್ಜಿಯ ಬಗ್ಗೆ ತಾವೇ ವಿಚಾರಿಸಿದರು. ಖರಾಬಿನ ಮೇಲೆ ಮಣ್ಣು ಹೊಡೆಸಲು ತಮ್ಮ ಇಟ್ಟಿಗೆಗೂಡಿನ ಟ್ರಾಕ್ಟರನ್ನೇ ಕಳಿಸುವುದಾಗಿಯೂ, ಗದ್ದೆಯವರಿಗೆ ತಹಸೀಲ್ದಾರರಿಂದ ಹೇಳಿಸುವುದಾಗಿಯೂ ಒಪ್ಪಿಕೊಂಡರು. ಆಮೇಲೆ, ಚಾಮರಾಜನಗರದಲ್ಲಿ ತಮ್ಮ ದೊಡ್ಡ ಸಮಾವೇಶ ಇದೆ, ಸಭೆಯವರೆಲ್ಲ ಪಟ್ಟಿ ಹಾಕಿಕೊಂಡು ಬಂದು ವೇದಿಕೆಯ ಮೇಲೆ ಕೂತರೆ ಕ್ರೈಸ್ತರು ನಮ್ಮ ಜೊತೆಗಿದ್ದಾರೆಂದು ಜಿಲ್ಲೆಗೇ ಗೊತ್ತಾಗುತ್ತದೆ ಎಂದರು. ಒತ್ತಾಯವೇನೂ ಮಾಡಲಿಲ್ಲ. ಕಾಫಿ ಕುಡಿದು, ನನ್ನ ತಲೆ ಸವರಿ ಹೋದರು.

ಮುಂದಿನ ಭಾನುವಾರ ಪೂಜೆಯಾದ ಮೇಲೆ ಚರ್ಚಿನ ಜಗಲಿಯಲ್ಲಿ ಸಭೆ ಸೇರಿತು. ಸಭೆಯ ವಿಷಯ ಸಭೆಯವರೇ ತೀರ್ಮಾನಿಸಿಕೊಳ್ಳಲಿ ಎಂದು ಫಾದರ್ ಒಳಗೆ ಹೋದರು. ಅವರಿಗೂ ದಾರಿ ಬೇಕಿತ್ತು, ಮಳೆಗಾಲದಲ್ಲಿ ನಿಲುವಂಗಿ ಎತ್ತಿಕೊಂಡು ಆ ಬದುವಿನ ಮೇಲೆ ನಡೆಯುತ್ತಿದ್ದವರು ಅವರೂ ತಾನೆ. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಒಂದು ದಿನ ಪಟ್ಟಿ ಹಾಕಿಕೊಂಡು ಕೂತು ಬಂದರೆ ಮಕ್ಕಳ ಕಾಲಕ್ಕೂ ದಾರಿಯಾಗುತ್ತದೆ, ಇದರಲ್ಲಿ ನಮ್ಮ ಸ್ವಂತಕ್ಕೆ ಯಾರೂ ಏನೂ ಕೇಳುತ್ತಿಲ್ಲ ಎಂಬುದು ಅವರ ಮಾತು. ತುಂಬಾ ಜನ ತಲೆಯಾಡಿಸಿದರು. ಚಿನ್ನಪ್ಪ ಮಾವ ಎದ್ದು ನಿಂತರು.

"ಆ ಪಟ್ಟಿ ಆಕ್ಕೊಂಡು ಹೆಣ ಹೊತ್ತಿದೀವಿ. ಅದ್ನೇ ಆಕ್ಕೊಂಡು ಜೈಕಾರ ಕೂಗಕ್ಕಾಯ್ತದಾ?"

"ನೀನು ಸಂತೆಮಾಳದೋನು. ಅದಕ್ಕೇ ಇಂಗಂತೀಯ," ಎಂದರು ಅಪ್ಪ.

ಚಿನ್ನಪ್ಪ ಮಾವ ಸ್ವಲ್ಪ ಹೊತ್ತು ಯೋಚಿಸಿದರು. ಅವರು ಯೋಚಿಸಿದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಭಾನುವಾರದ ವಾದಗಳಲ್ಲಿ ಅವರು ಹಾಗೆ ತಡೆದು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

"ಅದೂ ಇರ್ಬೋದು ಕಣ್ಲಾ ಜೋಜ. ನಮ್ ಪಾರ್ಟಿಯೋರು ಕರ್ದಿದ್ರೆ ನಾನೇನಂತಿದ್ನೋ ನಂಗೂ ಗೊತ್ತಿಲ್ಲ. ಆದ್ರೂವೆ ಇದು ತಪ್ಪು."

ಕೈ ಎತ್ತಿಸಿದಾಗ ಹೆಚ್ಚಿನವರು ಅಪ್ಪನ ಕಡೆಗೇ ಎತ್ತಿದರು. ಸಮಾವೇಶದ ದಿನ ಸಭೆಯವರು ಪಾರ್ಟಿಯ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ, ವೇದಿಕೆಯ ಹಿಂದಿನ ಸಾಲಿನಲ್ಲಿ ಕೂತು ಬಂದರು. ಚಿನ್ನಪ್ಪ ಮಾವನೂ ಇನ್ನಿಬ್ಬರೂ ಹೋಗಲಿಲ್ಲ. ಊಟಕ್ಕೆ ಬಿರಿಯಾನಿ ಇತ್ತಂತೆ. ತಪಸ್ಸುಕಾಲವಾದ್ದರಿಂದ ನಮ್ಮವರು ಬರೀ ಮೊಸರನ್ನ ಕೇಳಿ ಇಸಕೊಂಡು ತಿಂದರೆಂದು ಅಪ್ಪ ಮನೆಗೆ ಬಂದು ಸಮಾಧಾನದಿಂದ ಹೇಳಿದರು. ಮಾತಿಗೆ ತಪ್ಪದೆ ಅದೇ ವಾರ ಟ್ರಾಕ್ಟರುಗಳು ಬಂದು ಖರಾಬಿನ ಮೇಲೆ ಕೆಂಪು ಮಣ್ಣು ಸುರಿಯತೊಡಗಿದವು. ನಾವು ಹುಡುಗಿಯರು ಆ ಗುಡ್ಡೆಗಳ ಮೇಲೆ ಹತ್ತಿ ಜಾರಿ ಆಡಿದೆವು. ರೀಟಾಳೂ ಆಡಿದಳು.

ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರಕ್ಕೂ ಮುಂಚಿನ ವಾರ, ಸ್ಕೂಲಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನ ಎದುರು ದೊಡ್ಡದೊಂದು ಫ್ಲೆಕ್ಸ್ ಕಂಡಿತು. ಆಗ ಫ್ಲೆಕ್ಸ್ ಎಂದರೆ ಹೊಸದು. ಅದರಲ್ಲಿ ನಮ್ಮಪ್ಪ ಇದ್ದರು. ನಾನು ಖುಷಿಯಿಂದ ರೀಟಾಳ ಕೈ ಜಗ್ಗಿ ತೋರಿಸಿದೆ. ಅವಳು ಇನ್ನೊಂದು ಮುಖ ತೋರಿಸಿದಳು, ಅದು ಅವಳಪ್ಪ. ಹಿಂದಿನ ವರ್ಷದ ಹಬ್ಬದಲ್ಲಿ ಸಭೆಯವರು ಸಂತ ಜೋಸೆಫರ ಪ್ರತಿಮೆಯನ್ನು ಮರದ ಅಡ್ಡೆಯ ಮೇಲಿಟ್ಟು ಹೊತ್ತಿದ್ದ ಫೋಟೋ ಅದು. ಅಪ್ಪನ ಅಂಗಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದದ್ದು. ಆದರೆ ಅಡ್ಡೆಯ ಮೇಲೆ ಸಂತ ಜೋಸೆಫರು ಇರಲಿಲ್ಲ. ಅವರನ್ನು ಅಳಿಸಿ, ಅದೇ ಜಾಗದಲ್ಲಿ ಕೈಮುಗಿದ ಮುಖಂಡರನ್ನು ಕೂರಿಸಿದ್ದರು. ಮುಂದಿನ ಎಡಗಡೆಯ ಬೊಂಬಿಗೆ ಅಪ್ಪ ಹೆಗಲು ಕೊಟ್ಟಿದ್ದರು, ಬಲಗಡೆಯದಕ್ಕೆ ಚಿನ್ನಪ್ಪ ಮಾವ.

ಆ ದಿನ ರೀಟಾ ಸ್ಕೂಲಿನಲ್ಲಿ ಬೇರೆ ಬೆಂಚಿನಲ್ಲಿ ಕೂತಳು.

ಸಂಜೆ ಚಿನ್ನಪ್ಪ ಮಾವ ನಮ್ಮ ಮನೆಗೆ ಬಂದರು, ಆದರೆ ಹೊಸ್ತಿಲು ದಾಟಲಿಲ್ಲ. ಅವ್ವ ಒಳಗೆ ಬನ್ನಿ ಎಂದದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವರ ಪಾರ್ಟಿಯವರು ಬೆಳಗಿನಿಂದ ಅವರನ್ನು ಆಡಿಕೊಂಡಿದ್ದರಂತೆ.

"ಫೋಟೋ ಕೊಟ್ಟೋನು ನೀನಾ?"

"ನಾನೇ. ಪೇಪರ್‌ಗೆ ಆಕುಸ್ತೀವಿ ಅಂದ್ರು. ಇಂಗ್ ಮಾಡ್ತಾರೆ ಅಂತ ಗೊತ್ತಿರ್ನಿಲ್ಲ ಕಣ್ಲಾ."

"ಅದ್ರಲ್ಲಿ ನನ್ ಮಕ ಇದ್ದುದ್ದು ಗೊತ್ತಿತ್ತಲ್ಲ," ಎಂದು ಅವರು ಹೊರಟುಹೋದರು.

ಮಾರನೆಯ ಬೆಳಗ್ಗೆ ಅಪ್ಪ ಅಂಗಡಿ ತೆಗೆಯುವ ಮುಂಚೆ ಮುಖಂಡರ ಮನೆಗೆ ಹೋದರು. ನಡೆದದ್ದನ್ನು ಆಮೇಲೆ ಅವ್ವನ ಹತ್ತಿರ ಹೇಳಿಕೊಂಡದ್ದು ನನಗೆ ಕೇಳಿಸಿತು. ಯಾರೋ ಹುಡುಗರು ಕಂಪ್ಯೂಟರಿನಲ್ಲಿ ಹಾಗೆ ಮಾಡಿಬಿಟ್ಟಿದ್ದಾರೆ, ಎಲೆಕ್ಷನ್ ಮುಗಿದ ಮೇಲೆ ಹೇಗೂ ಇಳಿಸುತ್ತೇವಲ್ಲ ಎಂದು ಮುಖಂಡರು ನಕ್ಕರಂತೆ. ಅಪ್ಪ ಇನ್ನೂ ಅಲ್ಲೇ ನಿಂತಿದ್ದನ್ನು ನೋಡಿ, ದಾರಿ ಕೆಲಸ ಎಲ್ಲಿಗೆ ಬಂತು ಎಂದು ಮೆಲ್ಲಗೆ ಕೇಳಿದರಂತೆ. ಅಪ್ಪ ವಾಪಸು ಬಂದು ಅಂಗಡಿಯಲ್ಲಿ ಕೂತರು. ಆ ದಿನ ಒಂದು ಮೋಟಾರನ್ನೂ ಬಿಚ್ಚಲಿಲ್ಲ.

ಎರಡು ದಿನ ಕಾದ ಚಿನ್ನಪ್ಪ ಮಾವ ಮೂರನೆಯ ದಿನ ಮಧ್ಯಾಹ್ನ, ಬಸ್‌ಸ್ಟ್ಯಾಂಡಿನಲ್ಲಿ ಜನ ಗಿಜಿಗುಡುವ ಹೊತ್ತಿನಲ್ಲಿ, ತಮ್ಮ ಆಟೋವನ್ನು ಫ್ಲೆಕ್ಸಿನ ಕೆಳಗೆ ನಿಲ್ಲಿಸಿ ಅದರ ಮೇಲೆ ಏಣಿ ಹಾಕಿದರು. ಕಟ್ಟುಗಳನ್ನು ಬಿಚ್ಚಿ ಫ್ಲೆಕ್ಸನ್ನು ಇಳಿಸಿ, ಹರಿಯದೆ ಮಡಿಸದೆ ಚಾಪೆಯಂತೆ ಸುತ್ತಿ, ಬಸ್‌ಸ್ಟ್ಯಾಂಡ್ ಪಾರ್ಟಿಯ ಆಫೀಸಿನ ಬಾಗಿಲಿಗೆ ಒರಗಿಸಿ ಬಂದರು. ಪಾರ್ಟಿಯವರು ದೂರು ಕೊಟ್ಟರು. ಪೊಲೀಸರು ಅವರನ್ನು ಮಾರ್ಕೆಟ್ಟಿನಿಂದ ಆಟೋ ಸಮೇತ ಕರೆದುಕೊಂಡು ಹೋಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದರು.

ಸುದ್ದಿ ಬಂದಾಗ ರೀಟಾಳ ಅಮ್ಮ ಅಳುತ್ತಾ ನಮ್ಮ ಮನೆಗೇ ಬಂದರು. ಬೇರೆ ಯಾರ ಮನೆಗೆ ಹೋಗಬೇಕೆಂದು ಅವರಿಗೂ ತೋಚಿರಲಿಕ್ಕಿಲ್ಲ. ಅವ್ವ ಡಬ್ಬಿಗೆ ಅನ್ನ ಸಾರು ಹಾಕಿಕೊಂಡು, ನನ್ನನ್ನೂ ರೀಟಾಳನ್ನೂ ಕರೆದುಕೊಂಡು ಅವರ ಜೊತೆ ಸ್ಟೇಷನ್ನಿಗೆ ನಡೆದಳು. ನಾವು ಹೋಗುವಷ್ಟರಲ್ಲಿ ಅಪ್ಪ ಅಲ್ಲಿದ್ದರು. ಅವರನ್ನು ಪಾರ್ಟಿಯವರೇ ಕರೆಸಿದ್ದರು. ಫೋಟೋವನ್ನು ಸಭೆ ಒಪ್ಪಿಯೇ ಕೊಟ್ಟಿತ್ತು, ಚಿನ್ನಪ್ಪ ಬೇರೆ ಪಾರ್ಟಿಯ ಹೊಟ್ಟೆಕಿಚ್ಚಿನಿಂದ ಇಳಿಸಿದ್ದಾನೆ ಎಂದು ಅಧ್ಯಕ್ಷರ ಬಾಯಿಂದ ಬಂದರೆ ಅವರಿಗೆ ಸಾಕಿತ್ತು. ಮುಖಂಡರ ಕಡೆಯ ಒಬ್ಬರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಇನ್ಸ್‌ಪೆಕ್ಟರು ಅಪ್ಪನನ್ನು ಏನಾಯಿತೆಂದು ಕೇಳಿದರು.

"ಫೋಟೋ ಕೊಟ್ಟುದ್ದು ನಾನೇ ಸಾರ್. ಅದು ನಂದಲ್ಲ, ಸಭೇದು. ಯಾರ್ನೂ ಕೇಳ್ದೆ ಕೊಟ್ಬುಟ್ಟೆ," ಎಂದರು ಅಪ್ಪ. ಆಮೇಲೆ ಕುರ್ಚಿಯಲ್ಲಿದ್ದವರ ಕಡೆ ನೋಡದೆ ಮುಂದುವರಿಸಿದರು. "ಅಡ್ಡೆ ಮೇಲಿದ್ದೋರ ತೆಗ್ದು ಬೇರೆಯೋರ ಕೂರ್ಸಿ ಅಂತ ನಾನು ಯೋಳಿಲ್ಲ. ಅದ ಇಳುಸ್ಬೇಕಾಗಿದ್ದೋನು ನಾನು. ನಾನು ಇಳುಸ್ನಿಲ್ಲ, ಅವ್ನು ಇಳ್ಸವ್ನೆ."

ಇನ್ಸ್‌ಪೆಕ್ಟರು ಇಬ್ಬರಿಂದಲೂ ಬರೆಸಿಕೊಂಡು, ಎಲೆಕ್ಷನ್ ಮುಗಿಯುವವರೆಗೆ ಗಲಾಟೆ ಬೇಡ ಎಂದು ಹೇಳಿ ಕಳಿಸಿಬಿಟ್ಟರು. ಚಿನ್ನಪ್ಪ ಮಾವ ಅದೇ ಬೆಂಚಿನ ಮೇಲೆ ಕೂತು ಅವ್ವ ತಂದಿದ್ದ ಅನ್ನವನ್ನು ಪೂರ್ತಿ ಊಟ ಮಾಡಿದರು. ಅಪ್ಪನ ಜೊತೆ ಮಾತಾಡಲಿಲ್ಲ. ಊಟ ಮುಗಿಸಿ, ಡಬ್ಬಿ ತೊಳೆದು ಅವ್ವನ ಕೈಗೆ ಕೊಟ್ಟು, ಹೆಂಡತಿ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋದರು.

ಮರುದಿನದಿಂದ ಟ್ರಾಕ್ಟರುಗಳು ಬರಲಿಲ್ಲ. ಕೆಂಪು ಮಣ್ಣಿನ ದಾರಿ ಖರಾಬಿನ ಅರ್ಧದಲ್ಲೇ ನಿಂತಿತು.

ಸಭೆಯವರಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಒಂದು ಫೋಟೋಕ್ಕೋಸ್ಕರ ಕೈಗೆ ಬಂದ ದಾರಿ ಕಳೆದರು ಎಂದು ನಲ್ಲಿಯ ಹತ್ತಿರ ಹೆಂಗಸರು ಅವ್ವನಿಗೆ ಕೇಳಿಸುವಂತೆಯೇ ಮಾತಾಡಿಕೊಂಡರು. ಗರಿಗಳ ಭಾನುವಾರ ತೆಂಗಿನ ಗರಿಯ ಶಿಲುಬೆ ಹೆಣೆದು ಹಿಡಿದುಕೊಂಡು ಎಲ್ಲರೂ ಚರ್ಚಿಗೆ ಹೋದೆವು. ಪೂಜೆ ಮುಗಿದ ಮೇಲೆ ಚಿನ್ನಪ್ಪ ಮಾವ ತಮ್ಮ ಪಟ್ಟಿಯನ್ನು ಮಡಿಸಿ ಫಾದರ್ ಕೈಗೆ ಕೊಟ್ಟರು. ಪವಿತ್ರ ಗುರುವಾರ ಫಾದರ್ ಸಭೆಯ ಹನ್ನೆರಡು ಜನರ ಪಾದ ತೊಳೆಯುವುದು ಪದ್ಧತಿ. ಹನ್ನೆರಡು ಕುರ್ಚಿ ಹಾಕಿದ್ದರು, ಅಪ್ಪನೂ ಸೇರಿ ಏಳು ಜನ ಬಂದಿದ್ದರು. ಫಾದರ್ ತಂಬಿಗೆ ಹಿಡಿದು ಒಬ್ಬೊಬ್ಬರ ಮುಂದೆಯೂ ಮಂಡಿಯೂರಿದರು. ಖಾಲಿ ಕುರ್ಚಿ ಬಂದಾಗ ಎದ್ದು ಮುಂದಕ್ಕೆ ಹೋದರು. ಏಳುವಾಗಲೆಲ್ಲ ಅವರ ಮಂಡಿಯ ಮೂಳೆ ಲಟಕ್ಕೆನ್ನುವುದು ಕೇಳುತ್ತಿತ್ತು.

ನನಗೆ ಇದೆಲ್ಲದರ ನಡುವೆ ನನ್ನದೇ ಒಂದು ಚಿಂತೆ ಇತ್ತು. ಈಸ್ಟರ್ ಆದ ಮೇಲೆ ಮೈಸೂರಿನಿಂದ ಬಿಷಪ್ ಬಂದು ನಮಗೆಲ್ಲ ದೃಢೀಕರಣ ಸಂಸ್ಕಾರ ಕೊಡುವವರಿದ್ದರು. ಆಗ ಜ್ಞಾನತಂದೆ ಹಿಂದೆ ನಿಂತು ಹೆಗಲ ಮೇಲೆ ಕೈಯಿಡಬೇಕು. ಬೇರೆ ಯಾರನ್ನಾದರೂ ನೋಡೋಣ ಎಂದಳು ಅವ್ವ. ನಾನು ಯಾರಿಗೂ ಹೇಳದೆ ಚಿನ್ನಪ್ಪ ಮಾವನ ಮನೆಗೆ ಹೋದೆ.

ಬಾಗಿಲಲ್ಲಿ ಅವರ ತಾಯಿ ಸವರಿಯಮ್ಮ ಅಜ್ಜಿ ಹಗ್ಗದ ಮಂಚದ ಮೇಲೆ ಮಲಗಿದ್ದರು. ಅವರಿಗೆ ಕಣ್ಣು ಮಂಜು, ಎದ್ದು ಓಡಾಡುವುದು ನಿಂತು ಬಹಳ ದಿನವಾಗಿತ್ತು. ನನಗೂ ರೀಟಾಳಿಗೂ ಜಪಸರ ಕಲಿಸಿದವರು ಅವರೇ. ನನ್ನ ದನಿ ಗುರುತು ಹಿಡಿದು, ನಿಮ್ಮಪ್ಪ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ನಾನು ಅವರ ಹೊದಿಕೆ ಸರಿಮಾಡಿದೆ. ಹಿತ್ತಲಲ್ಲಿ ಆಟೋ ತೊಳೆಯುತ್ತಿದ್ದ ಚಿನ್ನಪ್ಪ ಮಾವನ ಹತ್ತಿರ ಹೋಗಿ, ದೃಢೀಕರಣಕ್ಕೆ ನೀವು ಬರ್ತೀರೋ ಇಲ್ಲವೋ ಎಂದು ಕೇಳಿದೆ. ಅವರು ಬಕೆಟ್ಟನ್ನು ಕೆಳಗಿಟ್ಟರು.

"ಸಭೆ ಬುಟ್ಟಿದೀನಿ. ನಿನ್ನ ಬುಟ್ಟಿಲ್ಲ ಕಣಮ್ಮಿ," ಎಂದರು.

ಬಂದರು. ಬಿಷಪ್ ನನ್ನ ಹಣೆಗೆ ಎಣ್ಣೆ ಹಚ್ಚುವಾಗ ನನ್ನ ಬಲಭುಜದ ಮೇಲೆ ಅವರ ಕೈ ಭಾರವಾಗಿ ಕೂತಿತ್ತು. ಈರುಳ್ಳಿಯ ವಾಸನೆ ಬರುತ್ತಿತ್ತು. ಆಮೇಲೆ ಎಲ್ಲರೂ ಫೋಟೋಕ್ಕೆ ನಿಂತಾಗ ಅವರು ಮಾತ್ರ ಪಕ್ಕಕ್ಕೆ ಸರಿದುಕೊಂಡರು.

ಎಲೆಕ್ಷನ್ ಮುಗಿಯಿತು. ಗೆದ್ದವರು ಪಟಾಕಿ ಹೊಡೆದರು, ಮಣ್ಣಿನ ಗುಡ್ಡೆಗಳ ಮೇಲೆ ಹುಲ್ಲು ಬಂತು. ಮೇ ತಿಂಗಳ ಕೊನೆಗೆ ದಿನಾ ಸಂಜೆ ಮಳೆ ಬೀಳತೊಡಗಿದಾಗ ಸವರಿಯಮ್ಮ ಅಜ್ಜಿ ತೀರಿಕೊಂಡರು.

ಬೆಳಗ್ಗೆ ಚರ್ಚಿನ ಗಂಟೆ ಹೊಡೆದದ್ದೇ ಅಪ್ಪ ಸಭೆಯವರ ಮನೆಗಳಿಗೆ ಹೋಗಿ ಬಂದರು. ಒಬ್ಬರಿಗೆ ಬೇಗೂರಿನಲ್ಲಿ ಕೆಲಸವಿತ್ತು, ಇನ್ನೊಬ್ಬರಿಗೆ ಜ್ವರ. ಕೆಲವರು ನೇರವಾಗಿಯೇ, ಪಟ್ಟಿ ವಾಪಸು ಕೊಟ್ಟವನ ಮನೆಗೆ ಸಭೆ ಯಾಕೆ ಹೋಗಬೇಕು ಎಂದರಂತೆ. ಅಪ್ಪ ಮನೆಗೆ ಬಂದು ಪಂಚೆ ಎತ್ತಿ ಕಟ್ಟಿಕೊಂಡರು. ಅವ್ವ ಪೆಟ್ಟಿಗೆಯಿಂದ ಪಟ್ಟಿ ತೆಗೆದುಕೊಟ್ಟಳು.

"ಅವ್ನು ಆಕ್ಕೊಳ್ದೆ ನಾನೊಬ್ನೇ ಎಂಗ್ ಆಕ್ಕೊಳ್ಳಿ," ಎಂದು ಅದನ್ನು ಅವಳ ಕೈಯಲ್ಲೇ ಬಿಟ್ಟು ಹೊರಟರು.

ಅವ್ವನೂ ಇನ್ನೊಂದಿಬ್ಬರು ಹೆಂಗಸರೂ ಅಜ್ಜಿಯ ಮೈ ತೊಳೆದು ಬಿಳಿ ಸೀರೆ ಉಡಿಸಿದರು. ಮಧ್ಯಾಹ್ನ ಪೂಜೆ ಮುಗಿಸಿ ಹೊರಟಾಗ ಹೊರಲು ಇದ್ದವರು ನಾಲ್ವರೇ. ಅಪ್ಪ, ಚಿನ್ನಪ್ಪ ಮಾವ, ಟೈರ್ ಅಂಗಡಿಯ ಮಲಯಾಳಿ ವರ್ಗೀಸ್ ಚೇಟ, ಮತ್ತೆ ಪೆಟ್ಟಿಗೆ ಮಾಡಿಕೊಟ್ಟಿದ್ದ ಬಡಗಿ ಖಾದರ್ ಸಾಬರು. ಸಾಬರು ಪೆಟ್ಟಿಗೆ ಇಳಿಸಿ ಹೋಗಲು ಬಂದವರು, ಭುಜ ಕಡಿಮೆಯಿದ್ದದ್ದನ್ನು ನೋಡಿ ಟೋಪಿ ಸರಿಮಾಡಿಕೊಂಡು ಹಿಂದಿನ ಬದಿಗೆ ನಿಂತರು. ಅಪ್ಪ ಯಾರನ್ನೂ ಕೇಳದೆ ಮುಂದಿನ ಎಡಗಡೆಗೆ ಹೋದರು. ಚಿನ್ನಪ್ಪ ಮಾವ ಒಮ್ಮೆ ಅವರನ್ನು ನೋಡಿ ಬಲಗಡೆಗೆ ನಿಂತರು.

ಕೆಂಪು ಮಣ್ಣು ಇದ್ದಷ್ಟು ದೂರ ಸುಲಭವಾಗಿ ಹೋದೆವು. ಉಳಿದ ಖರಾಬು ದಾಟಿದ ಮೇಲೆ ಗದ್ದೆ ಬಂತು. ಹಿಂದಿನ ಸಂಜೆಯ ನೀರು ಇನ್ನೂ ನಿಂತಿತ್ತು. ಸಾಬರೂ ವರ್ಗೀಸ್ ಚೇಟನೂ ವಯಸ್ಸಾದವರಾದ್ದರಿಂದ ಅವರನ್ನು ಮುಂದೊಬ್ಬರು ಹಿಂದೊಬ್ಬರಾಗಿ ಬದುವಿನ ಮೇಲೆ ಬಿಟ್ಟು, ಅಪ್ಪನೂ ಚಿನ್ನಪ್ಪ ಮಾವನೂ ಆಚೆಗೊಬ್ಬರು ಈಚೆಗೊಬ್ಬರು ಕೆಸರಿಗಿಳಿದರು. ಮಂಡಿಯವರೆಗೂ ಹೂತುಕೊಂಡು, ಪೆಟ್ಟಿಗೆಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ಒಂದೊಂದೇ ಹೆಜ್ಜೆ ಕಿತ್ತು ಇಡುತ್ತಿದ್ದರು. ನಾನೂ ರೀಟಾಳೂ ಮೇಣದ ಬತ್ತಿ ಹಿಡಿದು ಹಿಂದೆಯೇ ಇದ್ದೆವು. ನನ್ನ ಕಿವಿಯೆಲ್ಲ ಪೆಟ್ಟಿಗೆಯ ಒಳಗಿತ್ತು.

ನಡುಗದ್ದೆಯಲ್ಲಿ ಅಪ್ಪನ ಕಾಲು ಏಳಲಿಲ್ಲ. ಪೆಟ್ಟಿಗೆ ಅವರ ಕಡೆಗೆ ವಾಲತೊಡಗಿತು. ಚಿನ್ನಪ್ಪ ಮಾವ ಇನ್ನೊಂದು ಬದಿಯಿಂದ, ಫ್ಲೆಕ್ಸಿನ ಜಗಳವಾದ ಮೇಲೆ ಅಪ್ಪನಿಗೆ ಹೇಳಿದ ಮೊದಲ ಮಾತು ಅದೇ ಇರಬೇಕು, "ತಡಿ, ಎಳೀಬ್ಯಾಡ. ನಾನ್ ಹಿಡ್ದಿದೀನಿ," ಎಂದರು. ಅಷ್ಟರಲ್ಲಿ ಆಚೆ ಬದಿಯಲ್ಲಿ ನೀರು ತಿರುಗಿಸುತ್ತಿದ್ದ ಗದ್ದೆಯ ಯಜಮಾನ ಮಾದೇವಣ್ಣ ಗುದ್ದಲಿ ಎಸೆದು ಬಂದು ಅಪ್ಪನ ಪಕ್ಕ ಭುಜ ಕೊಟ್ಟರು. ಹಳೆಯ ಯಜಮಾನರ ಮಗ ಅವರು. ಅವರಪ್ಪ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಅಜ್ಜಿಯನ್ನು ಜಾರಿಸದೆ, ತಟ್ಟಿಸದೆ ಸಮಾಧಿಯವರೆಗೂ ಹೊತ್ತರು.

ಮಣ್ಣಾದ ಮೇಲೆ ಎಲ್ಲರೂ ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದಾಗ ಅಪ್ಪ ಮಾದೇವಣ್ಣನಿಗೆ ಕೈಮುಗಿದರು. ಮಾದೇವಣ್ಣ ಸ್ವಲ್ಪ ಮುನಿಸಿನಲ್ಲೇ ಇದ್ದಂತಿತ್ತು.

"ನೀವು ಲೀಡರ ಕೇಳುದ್ರಿ. ಅವ್ರು ತಾಸಿಲ್ದಾರ್ರ ಕೇಳುದ್ರಂತೆ. ಗದ್ದೆ ನಂದು, ನನ್ನ ಮಾತ್ರ ಯಾರೂ ಕೇಳ್ನಿಲ್ಲ."

ಚಿನ್ನಪ್ಪ ಮಾವ ಕಾಲು ತೊಳೆಯುತ್ತಿದ್ದವರು ಹಾಗೇ ನಕ್ಕುಬಿಟ್ಟರು. ಈಗಷ್ಟೇ ತಾಯಿಯನ್ನು ಮಣ್ಣು ಮಾಡಿದವರು ನಗುವುದನ್ನು ಕೇಳಿ ಹೆಂಗಸರು ತಿರುಗಿ ನೋಡಿದರು. ಸ್ವಲ್ಪ ಹೊತ್ತಿಗೆ ಅಪ್ಪನೂ ನಗತೊಡಗಿದರು.

ಆ ಸಲದ ಕೊಯ್ಲಾದ ಮೇಲೆ ಮಾದೇವಣ್ಣ ಬದುವಿನ ಪಕ್ಕ ಗೂಟ ಹೊಡೆದು, ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟುಕೊಟ್ಟರು. ಬೀದಿಯವರೆಲ್ಲ ಸೇರಿ ಮಣ್ಣು ಹೊತ್ತು ಹಾಕಿದರು, ಅಂದು ಜ್ವರ ಬಂದಿದ್ದವರೂ ಬಂದು ಹೊತ್ತರು. ದಾರಿಯೇನೋ ಆಯಿತು, ಸಭೆ ಮಾತ್ರ ಮೊದಲಿನಂತಾಗಲಿಲ್ಲ. ಆ ದಿನ ಬಾರದಿದ್ದವರಿಗೆ ನಾಚಿಕೆಯಾಗಿರಬೇಕು. ನಾಚಿಕೆ ಕೆಲವರಲ್ಲಿ ಸಿಟ್ಟಾಗಿ ಉಳಿಯಿತು. ಮುಂದಿನ ಸಂತ ಜೋಸೆಫರ ಹಬ್ಬದಲ್ಲಿ ಹೊಸದಾಗಿ ಮಾತು ಕೊಡಲು ಯಾರೂ ಬರಲಿಲ್ಲ. ಕೆಲವು ವರ್ಷಗಳ ನಂತರ ಬಂದ ಹೊಸ ಫಾದರ್ ಸಭೆಯನ್ನು ಬೇರೆ ಸಮಿತಿಯೊಂದಕ್ಕೆ ಸೇರಿಸಿಬಿಟ್ಟರು. ಅಪ್ಪನೂ ಚಿನ್ನಪ್ಪ ಮಾವನೂ ಭಾನುವಾರ ಮತ್ತೆ ನಮ್ಮ ಜಗಲಿಯಲ್ಲಿ ಕೂರತೊಡಗಿದರು. ಮಳೆ, ಈರುಳ್ಳಿ ರೇಟು, ಮಕ್ಕಳ ಮದುವೆ, ಎಲ್ಲ ಮಾತಾಡುತ್ತಿದ್ದರು. ರಾಜಕೀಯವನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಅವ್ವನಿಗೆ ಎರಡನೇ ಸಲ ಕಾಫಿ ಇಡುವ ಕೆಲಸ ಬೀಳಲಿಲ್ಲ.

ಈಗ ನಾನು ಚಾಮರಾಜನಗರದ ಸ್ಕೂಲೊಂದರಲ್ಲಿ ಟೀಚರ್. ಕ್ರಿಸ್ಮಸ್ಸಿಗೆ ಊರಿಗೆ ಹೋದರೆ ಎರಡೂ ಪಾರ್ಟಿಯ ಮುಖಂಡರು ಒಬ್ಬರಾದ ಮೇಲೊಬ್ಬರು ಚರ್ಚಿಗೆ ಬಂದು, ಪೂಜಾಪೀಠದ ಮುಂದೆಯೇ ಶಾಲು ಹೊದಿಸಿಕೊಂಡು, ಕೇಕ್ ಕತ್ತರಿಸಿ ಮಾತಾಡಿ ಹೋಗುತ್ತಾರೆ. ಯಾರಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಎದ್ದು ನಿಂತು ಇದು ತಪ್ಪು ಎನ್ನುವವರೂ ಇಲ್ಲ, ನೀನು ಆ ಪಾರ್ಟಿಯವನು, ಅದಕ್ಕೇ ಹೀಗನ್ನುತ್ತೀಯ ಎಂದು ಮುಖಕ್ಕೇ ಹೇಳುವವರೂ ಇಲ್ಲ.

ಹೋದ ವರ್ಷ ಚಿನ್ನಪ್ಪ ಮಾವ ತೀರಿಕೊಂಡರು. ರೀಟಾ ಫೋನ್ ಮಾಡಿದಳು. ನಾನು ಊರಿಗೆ ಹೋಗಿ, ಮಂಡಿನೋವಿನಿಂದ ನಡೆಯಲಾರದ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚರ್ಚಿಗೆ ಕರೆದೊಯ್ದೆ. ಪೂಜೆ ಮುಗಿಯುತ್ತಲೇ ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದರು. ಡ್ರೈವರನಿಗೆ ನಂಜನಗೂಡಿನಲ್ಲಿ ಇನ್ನೊಂದು ಬಾಡಿಗೆ ಇತ್ತಂತೆ, ವ್ಯಾನು ನಡೆಯುವವರಿಗೆ ಕಾಯಲಿಲ್ಲ. ಅಪ್ಪನನ್ನು ಮೆಟ್ಟಿಲಿಳಿಸಿ, ಸ್ಕೂಟರ್ ಹತ್ತಿಸಿಕೊಂಡು ನಾನು ಸಮಾಧಿ ಸೇರುವ ಹೊತ್ತಿಗೆ ಗುಂಡಿ ತೋಡಿದ್ದ ಜೆಸಿಬಿಯೇ ಮಣ್ಣನ್ನೂ ತಳ್ಳಿ ಮುಗಿಸಿತ್ತು. ಅಪ್ಪ ಚಪ್ಪಲಿ ಬಿಟ್ಟು, ನನ್ನ ಕೈ ಹಿಡಿದುಕೊಂಡು ಹತ್ತಿರ ಹೋದರು. ಯಾರ್ಯಾರು ಹೊತ್ರಮ್ಮಿ ಎಂದು ರೀಟಾಳನ್ನು ಕೇಳಿದರು.

"ಯಾರೂ ಹೊರ್ನಿಲ್ಲ ಮಾವ," ಎಂದಳು ಅವಳು. "ವ್ಯಾನು ಗುಂಡೀಗಂಟ ಬಂತು."

ಅಪ್ಪ ತಲೆಯಾಡಿಸಿದರು. ದಾರಿ ಅಷ್ಟು ಚೆನ್ನಾಗಿ ಆಗಿತ್ತು.